ರಾಜಿಯ ಬೆಲೆ ತೆರುವವಳು ಯಾರು?

ಬೀದರ್ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಓಣಿಯಲ್ಲಿ ಬದುಕುತ್ತವೆ. ಹುಡುಗಿಯೊಬ್ಬಳ ಹಿಂದೆ ದಿನವೂ ಸುತ್ತುವವನನ್ನು ಕಂಡರೆ ಕನ್ನಡದವರು ‘ಬೆನ್ನು ಬಿದ್ದಾನ’ ಎನ್ನುತ್ತಾರೆ, ದಖನಿಯವರು ‘ಪೀಛೇ ಪಡ್ಯಾ’ ಎನ್ನುತ್ತಾರೆ. ಈ ಎರಡೂ ಮಾತುಗಳಲ್ಲಿ ಅಪರಾಧದ ವಾಸನೆಯಿಲ್ಲ. ಒಂದಿಷ್ಟು ಹುಡುಗಾಟ, ಒಂದಿಷ್ಟು ಪ್ರೇಮದ ಛಾಯೆಯೇ ಇದೆ. ನಮ್ಮ ಸಿನಿಮಾಗಳು ಇಂಥವನಿಗೆ ಹಾಡು ಕೊಟ್ಟು ನಾಯಕನನ್ನಾಗಿ ಮಾಡಿವೆ. ಆದರೆ ಈ ದೇಶದ ಕಾನೂನು 2013ರಿಂದ ಅವನನ್ನು ಅಪರಾಧಿ ಎನ್ನುತ್ತಿದೆ. ಕಾನೂನು ಹೇಳುವುದಕ್ಕೂ ನಮ್ಮ ಊರುಗಳಲ್ಲಿ ನಡೆಯುವುದಕ್ಕೂ ನಡುವಿನ ಅಂತರವನ್ನು ನಾವು ಎಷ್ಟು ದಿನ ನೋಡಿಯೂ ನೋಡದಂತೆ ಇರುವುದು?

2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು. ಆಗ ಭಾರತೀಯ ದಂಡ ಸಂಹಿತೆಗೆ 354ಡಿ ಕಲಂ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಆಗಿದೆ. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಸಲ ಶಿಕ್ಷೆಯಾದರೆ 3 ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಶಿಕ್ಷೆಯಾದರೆ 5 ವರ್ಷದವರೆಗೆ. ಮೊದಲನೆಯದಕ್ಕೆ ಜಾಮೀನು ಹಕ್ಕು, ಎರಡನೆಯದಕ್ಕೆ ಹಾಗಿಲ್ಲ. ಮೊದಲ ಸಲದ ಈ ರಿಯಾಯಿತಿ ಸರ್ವಪಕ್ಷ ಸಭೆಯಲ್ಲಿ ಚೌಕಾಸಿಯಾಗಿ ಬಂದದ್ದು. ಹುಡುಗಿಯರ ಹಿಂದೆ ಹೋಗದವರು ನಮ್ಮಲ್ಲಿ ಯಾರಿದ್ದಾರೆ ಎಂಬರ್ಥದಲ್ಲಿ ಶರದ್ ಯಾದವ್ ಅವರಂಥ ಹಿರಿಯ ಸಂಸದರು ಲೋಕಸಭೆಯಲ್ಲೇ ಮಾತನಾಡಿದ್ದರು. ಕಾನೂನು ಮಾಡುವವರ ಮನಸ್ಸೇ ಹೀಗಿದ್ದ ಮೇಲೆ ಠಾಣೆಯ ಪೇದೆಯನ್ನು ಮಾತ್ರ ದೂರಿ ಏನು ಫಲ?

ಈ ಅಪರಾಧವನ್ನು ಯಾವ ಮ್ಯಾಜಿಸ್ಟ್ರೇಟ್ ಬೇಕಾದರೂ ವಿಚಾರಿಸಬಹುದು. ಔರಾದ್‌ನವಳು ಔರಾದ್‌ನಲ್ಲೇ, ಭಾಲ್ಕಿಯವಳು ಭಾಲ್ಕಿಯಲ್ಲೇ ನ್ಯಾಯ ಕೇಳಬಹುದು. ಇದು ರಾಜಿಯಾಗಬಲ್ಲ ಅಪರಾಧವಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ರಾಜಿಯಾಗದ ಅಪರಾಧವನ್ನು ಲೋಕ ಅದಾಲತ್ ಮುಟ್ಟುವಂತಿಲ್ಲ. ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಚೌಕಾಸಿಯೂ ಹೆಣ್ಣಿನ ಮೇಲಿನ ಅಪರಾಧಗಳಿಗೆ ಅನ್ವಯಿಸುವುದಿಲ್ಲ. ಹಾಗಿದ್ದೂ ಇಂಥ ದೂರುಗಳು ರಾಜಿಯಲ್ಲಿ ಮುಗಿಯುವುದು ಹೇಗೆ?

ಬಾಗಿಲು ಇರುವುದು ದೂರು ಬರೆಯುವ ಮೇಜಿನ ಮೇಲೆ. 78ನೇ ಕಲಂ ಕೈಬಿಟ್ಟು ಬೈದ, ಬೆದರಿಸಿದ, ಅವಮಾನದ ಮಾತಾಡಿದ ಎಂಬ ಕಲಂಗಳನ್ನಷ್ಟೇ ಬರೆದರೆ ಸಾಕು, ಇಡೀ ಪ್ರಕರಣ ರಾಜಿಯಾಗುವ ಜಾತಿಗೆ ಸೇರಿಬಿಡುತ್ತದೆ. ತಿಂಗಳುಗಟ್ಟಲೆ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಬಂದವನ ಕೃತ್ಯ ಒಂದು ದಿನದ ಬಾಯಿಜಗಳವಾಗಿ ದಾಖಲಾಗುತ್ತದೆ. ಆಮೇಲೆ ಅದಾಲತ್ತಿನಲ್ಲಿ ಇಬ್ಬರೂ ಸಹಿ ಹಾಕುತ್ತಾರೆ. ಕಾಗದದ ಮೇಲೆ ‘ಉಭಯ ಪಕ್ಷಗಳು’ ಎಂದಿರುತ್ತದೆ. ಹಿಂಬಾಲಿಸಿದವನೂ ಹಿಂಬಾಲಿಸಲ್ಪಟ್ಟವಳೂ ಸಮಾನ ಜಗಳಗಂಟರಾಗಿಬಿಡುತ್ತಾರೆ.

ಇನ್ನೊಂದು ಬಾಗಿಲು ಠಾಣೆಗೂ ಮೊದಲೇ ಇದೆ. ಅದು ಹಿರಿಯರ ಕಟ್ಟೆ. ‘ಹೋಗ್ಲಿ ಬಿಡ್ರಿ, ಹುಡುಗ ಹುಡುಗಾಟ ಮಾಡ್ಯಾನ, ನಿಮ್ಮ ಮಗಳ ಲಗ್ನ ಆಗಬೇಕಲ್ಲ’ ಎಂಬ ಮಾತಿಗೆ ಯಾವ ಧರ್ಮವೂ ಇಲ್ಲ. ಮಸೀದಿಯ ಜಮಾಅತ್ ಇರಲಿ, ಊರ ಗೌಡರ ಪಡಸಾಲೆ ಇರಲಿ, ಕೇರಿಯ ಪಂಚರಿರಲಿ, ಎಲ್ಲರ ಬಾಯಲ್ಲೂ ಇದೇ ಮಾತು. ನಮ್ಮ ಜಮಾಅತ್‌ಗಳಿಗೆ ಒಂದು ಮಾತು ನೆನಪಿಸಬೇಕಾಗಿದೆ. ಕುರ್‌ಆನಿನ ಸೂರಃ ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, ಹೆಂಗಸರಿಗೆ ಬಂದದ್ದು ಆನಂತರ. ನಾವು ಈ ಕ್ರಮವನ್ನು ತಿರುಗಿಸಿಕೊಂಡು ಪಾಠವನ್ನೆಲ್ಲ ಹುಡುಗಿಗೇ ಹೇಳುತ್ತಿದ್ದೇವೆ.

ರಾಜಿಯಿಂದ ಆಗುವ ಇನ್ನೊಂದು ಹಾನಿ ಹೊರಗೆ ಕಾಣುವುದಿಲ್ಲ. 5 ವರ್ಷದ ಶಿಕ್ಷೆ, ಜಾಮೀನಿಲ್ಲದ ಬಂಧನ ಇವೆಲ್ಲ ಜಾರಿಗೆ ಬರಬೇಕಾದರೆ ಮೊದಲು ಒಂದು ಸಲ ಶಿಕ್ಷೆಯಾಗಿರಬೇಕು. ಮೊದಲನೆಯದೇ ರಾಜಿಯಲ್ಲಿ ಕರಗಿದರೆ ಎರಡನೆಯದು ಎಲ್ಲಿಂದ ಬರಬೇಕು? ಹತ್ತು ಸಲ ಬೆನ್ನು ಬಿದ್ದವನೂ ಕಾನೂನಿನ ಕಣ್ಣಿಗೆ ಪ್ರತಿ ಸಲವೂ ಹೊಸಬನೇ. ವಿಚಾರಣೆ ಮುಗಿದು ಅಪರಾಧ ಸಾಬೀತಾದರೂ ಈ ಕಲಮಿನಲ್ಲಿ ಕನಿಷ್ಠ ಶಿಕ್ಷೆ ಎಂಬುದಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದಕ್ಕೂ ಅವಕಾಶವಿದೆ. ಹುಡುಗನ ವಯಸ್ಸು, ಅವನ ಭವಿಷ್ಯ ಎಲ್ಲವನ್ನೂ ನ್ಯಾಯಾಲಯ ತೂಗಲಿ, ಬೇಡವೆನ್ನುವುದಿಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಹುಡುಗಿಯ ಭವಿಷ್ಯವನ್ನೂ ಇಡಬೇಕಲ್ಲವೇ?

ಶಿಕ್ಷೆ ಯಾರಿಗೂ ಆಗುವುದೇ ಇಲ್ಲ ಎನ್ನುವುದೂ ಸರಿಯಲ್ಲ. ಹುಡುಗಿಗೆ ಆಗುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಔರಾದ್, ಭಾಲ್ಕಿಯ ಹೆಣ್ಣುಮಕ್ಕಳಿಗೆ ಬೀದರಿನ ಕಾಲೇಜಿನವರೆಗೆ ಬಸ್ಸಿನ ಬಾಗಿಲನ್ನು ಪುಕ್ಕಟೆಯಾಗಿ ತೆರೆಯಿತು. ಬೆನ್ನು ಬಿದ್ದವನೊಬ್ಬ ಅದನ್ನು ಮುಚ್ಚಬಲ್ಲ. ಮೊದಲು ಫೋನ್ ಕಸಿದುಕೊಳ್ಳುತ್ತಾರೆ, ಆಮೇಲೆ ಕಾಲೇಜು ಬಿಡಿಸುತ್ತಾರೆ, ಕೊನೆಗೆ ಸಿಕ್ಕ ಸಂಬಂಧಕ್ಕೆ ಒಪ್ಪಿಸುತ್ತಾರೆ. ಅವನಿಗೆ ಠಾಣೆಯಲ್ಲೇ ಜಾಮೀನು, ಅವಳಿಗೆ ಮನೆಯಲ್ಲೇ ಸೆರೆ.

ರಾಜಿ, ನಿರ್ಲಕ್ಷ್ಯ ಎಲ್ಲಿಗೆ ತಂದು ನಿಲ್ಲಿಸುತ್ತವೆ ಎಂಬುದನ್ನು ಹುಬ್ಬಳ್ಳಿ ನಮಗೆ ತೋರಿಸಿದೆ. 2024ರ ಏಪ್ರಿಲ್ 18ರಂದು ಕಾಲೇಜಿನ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ಆರೋಪಿ ಮುಸ್ಲಿಮ್ ಯುವಕನಾಗಿದ್ದರಿಂದ ರಾಜ್ಯವೇ ಗದ್ದಲವೆದ್ದಿತು. ತಿಂಗಳು ತುಂಬುವುದರೊಳಗೆ, ಮೇ 15ರಂದು, ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಅವಳ ಮನೆಯಲ್ಲೇ ಕೊಂದರು. ಬೆದರಿಕೆಯಿದೆಯೆಂದು ಮೊದಲೇ ಪೊಲೀಸರಿಗೆ ತಿಳಿಸಿದ್ದೆವೆಂದು ಕುಟುಂಬ ಹೇಳಿತು, ಪೊಲೀಸರು ಅಮಾನತಾದರು. ಈ ಸಲ ಆರೋಪಿ ಮುಸ್ಲಿಮನಲ್ಲ, ಗದ್ದಲ ಆ ಎತ್ತರಕ್ಕೆ ಏರಲಿಲ್ಲ. ಆರೋಪಿಯ ಹೆಸರು ನೋಡಿ ಅಳುವುದನ್ನೂ ಸುಮ್ಮನಿರುವುದನ್ನೂ ತೀರ್ಮಾನಿಸುವ ಸಮಾಜಕ್ಕೆ ಹೆಣ್ಣುಮಕ್ಕಳ ಮೇಲೆ ನಿಜವಾದ ಕಾಳಜಿ ಇದೆಯೆಂದು ನಂಬುವುದು ಹೇಗೆ? ‘ನಮ್ಮ ಹುಡುಗ’ ಎಂದು ಠಾಣೆಗೆ ಓಡುವ ನಮ್ಮವರಿಗೂ ಇದೇ ಪ್ರಶ್ನೆ.

ದಾರಿ ಇಲ್ಲದಿಲ್ಲ. ಇಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಆರೋಪಿ ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶ ಹೈಕೋರ್ಟ್ 2020ರಲ್ಲಿ ಹಾಕಿದ್ದ ಜಾಮೀನು ಷರತ್ತನ್ನು 2021ರ ಮಾರ್ಚ್ 18ರಂದು ರದ್ದುಪಡಿಸಿದ ಅದೇ ನ್ಯಾಯಾಲಯ, ಇಂಥ ಪ್ರಕರಣಗಳಲ್ಲಿ ರಾಜಿಯನ್ನಾಗಲಿ ಮದುವೆಯನ್ನಾಗಲಿ ಸೂಚಿಸಕೂಡದೆಂದು ಕೆಳಗಿನ ನ್ಯಾಯಾಲಯಗಳಿಗೆ ತಾಕೀತು ಮಾಡಿದೆ. ಹುಡುಗಿಗೆ 18 ತುಂಬಿಲ್ಲದಿದ್ದರೆ ಪೋಕ್ಸೊ ಕಾಯ್ದೆಯಿದೆ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರನ್ನು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ.

ಹಿರಿಯರು ಮಾಡಬೇಕಾದ್ದು ಇಷ್ಟೇ. ರಾಜಿಯ ಕಟ್ಟೆಯಿಂದ ಎದ್ದು ಹುಡುಗಿಯ ತಂದೆಯೊಡನೆ ಠಾಣೆಗೆ ನಡೆಯಲಿ, 78ನೇ ಕಲಂ ಬರೆಯುವವರೆಗೆ ಅಲ್ಲಿಂದ ಏಳದಿರಲಿ. ಅವಳು ಮರುದಿನ ಕಾಲೇಜಿಗೆ ಹೊರಟಾಗ ಬಸ್‌ಸ್ಟ್ಯಾಂಡಿನವರೆಗೆ ಜೊತೆಗಿರಲಿ. ಊರಿನ ಮರ್ಯಾದೆ ಎಂಬುದೊಂದಿದ್ದರೆ ಅದು ಉಳಿಯುವುದು ಹೀಗೆ.