ಗಡದ ಮೇಲಿನ ಗೃಹಸ್ಥರು

ಕೊಲ್ಲಾಪುರದ ಮಹಾಲಕ್ಷ್ಮಿಗೆ ಉಡಿ ತುಂಬಿಸಿದ ಮೇಲೆ ನಮ್ಮ ಬೆಳಗಾವಿ ಕಡೆಯ ಮಂದಿಗೆ ಎರಡು ಕೆಲಸ: ಚಪ್ಪಲಿ ಕೊಳ್ಳುವುದು, ಜ್ಯೋತಿಬಾನಿಗೆ ಹೋಗುವುದು. ಹೊತ್ತು ಉಳಿದರೆ ಪನ್ಹಾಳ. ಹಾಗೆ ಉಳಿದ ಹೊತ್ತಿನಲ್ಲಿ ನಾನು ಆ ಗುಡ್ಡ ಹತ್ತಿದ್ದು ಮೂರು ಸಲ. ಮೂರೂ ಭಾನುವಾರ. ಸರಿಯಾಗಿ ಕಂಡದ್ದು ಮುಂದಿನ ಕಾರಿನ ನಂಬರ್ ಪ್ಲೇಟು ಮಾತ್ರ. ಹೋದ ಮಳೆಗಾಲದಲ್ಲಿ ಹಟ ಹಿಡಿದು ಸೋಮವಾರ ಕೆಂಪು ಎಸ್‌ಟಿ ಬಸ್ಸು ಹತ್ತಿದೆ, ಒಂದು ರಾತ್ರಿ ಅಲ್ಲೇ ಉಳಿದೆ.

ಪನ್ಹಾಳ ಹಾಳುಕೋಟೆಯಲ್ಲ, ಊರು. ಸುಮಾರು 7 ಕಿ.ಮೀ. ಸುತ್ತಳತೆಯ ಗೋಡೆಯೊಳಗೆ 3 ಸಾವಿರದಷ್ಟು ಜನ ಸಂಸಾರ ಹೂಡಿದ್ದಾರೆ, ಅವರಿಗೊಂದು ನಗರ ಪರಿಷತ್ತೂ ಇದೆ. ಮೊಘಲರನ್ನು ಎದುರಿಸಿ ನಿಂತ ಮರಾಠ ರಾಣಿ ತಾರಾಬಾಯಿಯ ವಾಡೆಯಲ್ಲಿ ಈಗ ಶಾಲೆ ನಡೆಯುತ್ತದೆ. ಮರಾಠಿ ಕವಿ ಮೋರೋಪಂತ ಹುಟ್ಟಿದ್ದೂ ಈ ಗಡದ ಮೇಲೆಯೇ, 1729ರಲ್ಲಿ.

ಕೋಟೆ ಶಿಲಾಹಾರರ ಇಮ್ಮಡಿ ಭೋಜನ ಕಾಲದ್ದು, ಅಂದರೆ 12ನೇ ಶತಮಾನದ ಕೊನೆ. ಕನ್ನಡದಲ್ಲಿ ಶಾಸನ ಹಾಕಿಸಿದ ವಂಶವದು. ಭೋಜ ಯಾದವರ ಸಿಂಘಣನ ಕೈಗೆ ಬಿದ್ದು ರಾಜ್ಯವನ್ನೇ ಕಳೆದುಕೊಂಡ. ಆಮೇಲೆ ಬಂದವರ ಪಟ್ಟಿ ಉದ್ದವಿದೆ, ಬಿಡಿ.

ನನ್ನ ಅರ್ಧ ದಿನ ತಿಂದದ್ದು ಅಂಧಾರ ಬಾವಡಿ. ಹೊರಗಿನಿಂದ ನೋಡಿದರೆ ಅದೊಂದು ಕಲ್ಲುಕಟ್ಟಡ, ಬಾವಿ ಎಂದು ಹೇಳಲಾರಿರಿ. ಒಳಗೆ ಮೂರು ಅಂತಸ್ತು, ತಳದಲ್ಲಿ ನೀರು, ಗೋಡೆಯಲ್ಲಿ ಕಾವಲಿನವರು ನಿಲ್ಲಲು ಗೂಡುಗಳು, ಕೋಟೆಯ ಹೊರಗೆ ನುಸುಳಲು ಕಿಂಡಿ. ಬೇರೆ ಕೆರೆಗಳಿಗೆ ವೈರಿ ವಿಷ ಹಾಕಿದರೂ ಇದೊಂದು ಉಳಿಯಲಿ ಎಂಬ ಲೆಕ್ಕ. ಅತ್ತ ಅಂಬರಖಾನೆಯಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜ. ಒಳಗೆ ಹೋಗಿ ಒಮ್ಮೆ ಕೆಮ್ಮಿದರೆ ಆ ಕಮಾನುಗಳು ನಾಲ್ಕು ಸಲ ಕೆಮ್ಮುತ್ತವೆ. 1660ರಲ್ಲಿ ನಮ್ಮ ವಿಜಯಪುರದ ಆದಿಲಶಾಹಿ ಸರದಾರ ಸಿದ್ದಿ ಜೋಹರ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಶಿವಾಜಿ ಒಳಗೆ ಹೇಗೆ ತಾಳಿಕೊಂಡ ಎಂಬುದಕ್ಕೆ ಈ ಎರಡು ಕಟ್ಟಡ ನೋಡಿದರೆ ಸಾಕು. ಜುಲೈ ಮಳೆಯ ರಾತ್ರಿ ಅವನು ವಿಶಾಳಗಡಕ್ಕೆ ಜಾರಿಕೊಂಡಾಗ ಅವನ ವೇಷ ಹಾಕಿ ವೈರಿಯ ಕೈಗೆ ಸಿಕ್ಕು ಜೀವ ಕೊಟ್ಟವನು ಶಿವಾ ಕಾಶೀದ, ಒಬ್ಬ ಕ್ಷೌರಿಕ.

ನಮ್ಮ ಬಸ್ಸು ಒಳಗೆ ಹೋದದ್ದು ಚಾರ್ ದರವಾಜಾ ಇದ್ದ ಕಡೆಯಿಂದ. ಕೋಟೆ ಕಾಯುತ್ತಿದ್ದ ಗಡಕರಿಗಳ 1844ರ ಬಂಡಾಯವನ್ನು ಅಡಗಿಸಿದ ಬ್ರಿಟಿಷರು ಆ ಬಾಗಿಲನ್ನು ಕೆಡವಿದರು. ಫಿರಂಗಿಗೆ ಸುಲಭವಾಗಿ ಬಗ್ಗದ ಊರಿಗೆ ಈಗ ಭಾನುವಾರದ ಕಾರುಗಳು ಪ್ರವೇಶ ಕರ ಕಟ್ಟಿ ನುಗ್ಗುತ್ತವೆ.

ತೀನ್ ದರವಾಜಾದ ಹತ್ತಿರ ಜುಣಕ-ಭಾಕರಿ ಮಾರುವ ಹೆಂಗಸನ್ನು ‘ಮಾವಶಿ’ ಎಂದು ಕರೆದು ಮರಾಠಿಯಲ್ಲಿ ಮಾತಿಗೆಳೆದರೆ, ನನ್ನ ಮರಾಠಿ ಕೇಳಲಾರದೆ ಆಕೆಯೇ ಕನ್ನಡಕ್ಕೆ ಬಂದಳು. ತವರು ಗಡಹಿಂಗ್ಲಜ ಕಡೆಯಂತೆ. “ಬಂದಾವ್ರೆಲ್ಲಾ ಸತ್ತವರ ಮನಿ ಎಲ್ಲೈತಿ ಅಂತ ಕೇಳ್ತಾರ್ರಿ. ಇದ್ದವರ ಮನಿ ಬಾಗಿಲ ಮುಂದ ಗಾಡಿ ನಿಂದರಸ್ತಾರ.”

2025ರಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಪನ್ಹಾಳವೂ ಇದೆ. ಸಂತೋಷ. ಇನ್ನು ಜನ ಹೆಚ್ಚುತ್ತಾರೆ, ನಿಯಮಗಳೂ ಹೆಚ್ಚುತ್ತವೆ. ಆಗ ಮೊದಲು ಅಡ್ಡಿಯಾಗಿ ಕಾಣುವುದು ಮಾವಶಿಯ ಗಾಡಿ, ಯಾರದೋ ಮನೆಯ ತಗಡಿನ ಮಾಡು. ನನಗಾದರೆ ಅಡ್ಡಿಯಾಗಿ ಕಂಡದ್ದು ನಮ್ಮ ಕಾರುಗಳು. ಅವನ್ನು ಬುಡದಲ್ಲೇ ನಿಲ್ಲಿಸಿ ಸಣ್ಣ ಬಸ್ಸು ಬಿಟ್ಟರೆ ಯಾರ ಗಂಟು ಹೋಗುತ್ತದೆ? ಹೋಗುವವರೂ ಅಷ್ಟೇ, ಎರಡು ತಾಸಿನಲ್ಲಿ ಆರು ‘ಪಾಯಿಂಟ್’ ಮುಗಿಸುವ ಬದಲು ಒಂದು ರಾತ್ರಿ ಇದ್ದು ಬನ್ನಿ. ಊರವರಿಗೆ ನಾಲ್ಕು ಕಾಸು ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಹತ್ತು ಮಾರು ದೂರದ ಬುರುಜೇ ಮಾಯ. ಛತ್ರಿ ಹಿಡಿದ ಹುಡುಗರ ಗುಂಪೊಂದು ಹರಟುತ್ತ ಹೊರಟಿತ್ತು. ಒಬ್ಬನನ್ನು ತಡೆದು ತಾರಾಬಾಯಿಯ ವಾಡೆ ಎಲ್ಲಿ ಎಂದೆ. “ಶಾಳೇಲಾ?” ಎಂದವನೇ ಹಿಂದೆ ಬರುವಂತೆ ಕೈಮಾಡಿದ.