ಗಾಜಿನ ಮೇಲಣ ಚೀಟಿ

ಒಂದೆರಡು ವರ್ಷಗಳ ಹಿಂದೆ ನಮ್ಮ ಬಂಡಳ್ಳಿಯ ಮದುವೆಯ ಮನೆಯೊಂದರಲ್ಲಿ ಊಟದ ಪಂಕ್ತಿ ಕುಳಿತಿದ್ದಾಗ, ಮೈಸೂರಿನಿಂದ ಬಂದಿದ್ದ ಪರಿಚಿತರೊಬ್ಬರು ನನ್ನ ಚಿಕ್ಕಪ್ಪನವರನ್ನು ಎಲ್ಲರೆದುರಿಗೆ ಕೇಳಿದರು: “ಏನು ಸ್ವಾಮಿ, ಹೋದ ತಿಂಗಳು ಮೂರು ಮಂಗಳವಾರ ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಾಯಂಕಾಲ ಹಿಂದಿರುಗಿದ್ದೀರಿ. ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇನು?” ಚಿಕ್ಕಪ್ಪನವರು ಎಲೆಯಿಂದ ತಲೆಯೆತ್ತಲಿಲ್ಲ. ಚಿಕ್ಕಮ್ಮನವರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದ್ದ ಸಂಗತಿಯನ್ನು ಆಕೆಯ ವೃದ್ಧ ತಾಯಿಗೆ ಯಾರೂ ತಿಳಿಸಿರಲಿಲ್ಲ. ಆ ಅಜ್ಜಿ ಅದೇ ಪಂಕ್ತಿಯಲ್ಲಿ ಎರಡೆಲೆಗಳ ಆಚೆ ಕುಳಿತಿದ್ದರು.

ಕೇಳಿದವರಲ್ಲಿ ಕೆಟ್ಟ ಭಾವನೆ ಎಳ್ಳಷ್ಟೂ ಇರಲಿಲ್ಲ. ಚಿಕ್ಕಪ್ಪನವರು ಕಾರನ್ನು ಕೊಂಡದ್ದು ಅವರಿಂದಲೇ. ಮುಂದಿನ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್ ಚೀಟಿಯನ್ನು ಇಬ್ಬರೂ ಬದಲಾಯಿಸಿರಲಿಲ್ಲ. ಸುಂಕದ ಹಣವನ್ನು ಆಮೇಲೆ ಕೊಟ್ಟರಾಯಿತೆಂದು ಮಾತಾಗಿತ್ತು. ಕೊಳ್ಳೇಗಾಲ, ಮಳವಳ್ಳಿಗಳನ್ನು ದಾಟಿ ಮದ್ದೂರಿನ ಬಳಿ ಹೆದ್ದಾರಿಯನ್ನು ಸೇರಿ ಬೆಂಗಳೂರಿಗೆ ಹೋಗುವ ಕಾರು ಶೇಷಗಿರಿಹಳ್ಳಿಯ ಸುಂಕದ ಕಟ್ಟೆಯನ್ನು ಹಾಯಬೇಕು; ಹಿಂದಿರುಗುವಾಗ ಕಣಿಮಿಣಿಕೆಯ ಕಟ್ಟೆ. ಎರಡು ಕಡೆಯ ಸಂದೇಶಗಳೂ ದಿನಾಂಕ, ಗಳಿಗೆ ಸಮೇತ ಹಳೆಯ ಒಡೆಯರ ಫೋನಿಗೆ ಹೋಗುತ್ತಿದ್ದುವು. ಅವುಗಳಲ್ಲಿ ಆಸ್ಪತ್ರೆಯೆಂಬ ಮಾತೇ ಇರಲಿಲ್ಲ. ಮೂರು ಮಂಗಳವಾರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅದು ತಾನಾಗಿ ಹೊಳೆಯಿತು.

ಇಂತಹ ಚೀಟಿಗಳು ಈಗ ನಮ್ಮನ್ನು ಎಲ್ಲೆಡೆಯಲ್ಲಿಯೂ ಸುತ್ತಿಕೊಂಡಿವೆ. ಅವುಗಳಿಂದ ಯಾವ ಅಪಾಯವಿದೆ, ಯಾವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಸರಿಯಾಗಿ ಅರಿಯಬೇಕು. ಏಕೆಂದರೆ, ಜನರ ಭಯವು ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ನಿಂತಿರುವುದು.

ಚೀಟಿಯಲ್ಲಿ ಬ್ಯಾಟರಿಯಿಲ್ಲ. ಲೋಹದ ತೆಳುಗೆರೆಗಳ ಒಂದು ಆಂಟೆನಾ, ಅದರ ನಡುವೆ ಎಳ್ಳುಕಾಳಿಗಿಂತಲೂ ಚಿಕ್ಕದಾದ ಒಂದು ಸಿಲಿಕಾನ್ ಚಿಪ್, ಇಷ್ಟೆ. ಕಟ್ಟೆಯ ಮೇಲಣ ಓದುಯಂತ್ರವು 865ರಿಂದ 867 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೋ ತರಂಗಗಳನ್ನು ಸೂಸುವುದು. ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಪರಿಣಾಮಕ ಸಾಮರ್ಥ್ಯ 4 ವಾಟ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 5 ಮೀಟರ್ ದೂರದ ಚೀಟಿಗೆ ದಕ್ಕುವುದು ಹೆಚ್ಚೆಂದರೆ 0.2 ಮಿಲಿವಾಟ್, ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಚಿಪ್ ಎಚ್ಚರಗೊಳ್ಳಲು ಅದರಲ್ಲಿಯೂ ಒಂದು ಸಣ್ಣ ಭಾಗವೇ ಸಾಕು. ಎಚ್ಚರಗೊಂಡ ಚಿಪ್ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಬಿಸಿಲಿನಲ್ಲಿ ಕನ್ನಡಿಯನ್ನು ಆಡಿಸಿ ದೂರದವರಿಗೆ ಸಂಜ್ಞೆ ಮಾಡುವ ಹುಡುಗನಂತೆ, ಬಂದ ತರಂಗವನ್ನೇ ಒಮ್ಮೆ ಹೆಚ್ಚಾಗಿ ಒಮ್ಮೆ ಕಡಮೆಯಾಗಿ ಪ್ರತಿಫಲಿಸಿ ತನ್ನ ಅಂಕಿಯನ್ನು ಒಪ್ಪಿಸುವುದು. ದೂರವು ಇಮ್ಮಡಿಯಾದರೆ ಚೀಟಿಗೆ ಮುಟ್ಟುವ ಶಕ್ತಿ ನಾಲ್ಕನೆಯ ಒಂದು ಪಾಲಾಗುವುದು. ಮರಳಿ ಯಂತ್ರಕ್ಕೆ ಮುಟ್ಟುವ ಉತ್ತರವೋ ಹದಿನಾರನೆಯ ಒಂದು ಪಾಲು. ಆದುದರಿಂದ ಚೀಟಿಯ ಮಾತು ಕೆಲವು ಮೀಟರುಗಳಾಚೆಗೆ ಕೇಳಿಸದಷ್ಟು ಕ್ಷೀಣಿಸುವುದು.

ಈ ಉಪಾಯದ ಪೂರ್ವಚರಿತ್ರೆಯು ಸ್ವಾರಸ್ಯವಾಗಿದೆ. 1945ರಲ್ಲಿ ಸೋವಿಯತ್ ಶಾಲಾ ಬಾಲಕರು ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಒಂದು ರಾಜಮುದ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಅದರೊಳಗೆ ಲಿಯಾನ್ ತೆರೆಮಿನ್ ಎಂಬ ರಷ್ಯನ್ ವಿಜ್ಞಾನಿ ರಚಿಸಿದ ಒಂದು ಪುಟ್ಟ ಕುಹರವೂ ಆಂಟೆನಾವೂ ಇದ್ದುವು, ತಂತಿಯಿಲ್ಲ, ಬ್ಯಾಟರಿಯಿಲ್ಲ. ಹೊರಗಿನಿಂದ ರೇಡಿಯೋ ತರಂಗಗಳನ್ನು ಹಾಯಿಸಿದಾಗ ಕೋಣೆಯ ಮಾತುಕತೆಯು ಪ್ರತಿಫಲಿತ ತರಂಗದ ಮೇಲೇರಿ ಹೊರಬರುತ್ತಿತ್ತು. ಏಳು ವರ್ಷ ಗೋಡೆಯ ಮೇಲೆ ತೂಗಿದ್ದ ಅದು ಪತ್ತೆಯಾದುದು 1952ರಲ್ಲಿ. ಹ್ಯಾರಿ ಸ್ಟಾಕ್‌ಮನ್ ಎಂಬಾತನು ಪ್ರತಿಫಲಿತ ಶಕ್ತಿಯಿಂದ ಸುದ್ದಿ ಕಳುಹಿಸುವ ವಿಚಾರವಾಗಿ 1948ರಲ್ಲಿಯೇ ಲೇಖನ ಬರೆದಿದ್ದನು. ನಮ್ಮ ಚೀಟಿಯ ಮೂಲಪುರುಷರಲ್ಲಿ ಒಬ್ಬ ಗೂಢಚಾರನೂ ಇದ್ದಾನೆಂದ ಮಾತ್ರಕ್ಕೆ ಸಂತತಿಯನ್ನು ದೂಷಿಸಬೇಕಾಗಿಲ್ಲ. ಆದರೆ ಸ್ವಭಾವವನ್ನು ಗಮನದಲ್ಲಿಡುವುದು ಒಳ್ಳೆಯದು.

ಸ್ವಭಾವವೆಂದರೆ ಇದು: ಫಾಸ್ಟ್ಯಾಗ್ ಜಾತಿಯ ಚೀಟಿಯು ತನ್ನ ಗುರುತಿನ ಅಂಕಿಯನ್ನು ಹೇಳುವ ಮೊದಲು “ಕೇಳುತ್ತಿರುವವರು ಯಾರು?” ಎಂದು ವಿಚಾರಿಸುವುದಿಲ್ಲ. ಅದೇ ಬಗೆಯ ಓದುಯಂತ್ರ ಯಾರ ಕೈಯಲ್ಲಿದ್ದರೂ ಉತ್ತರ ಒಂದೇ, ಇಂದೂ ನಾಳೆಯೂ ಅದೇ ಅಂಕಿ. ಭಾರತದಲ್ಲಿ 2024ರಿಂದ ಕೊಡಲಾರಂಭಿಸಿದ ಚಿಪ್ ಸಹಿತ ಪಾಸ್‌ಪೋರ್ಟಿನ ರೀತಿ ಬೇರೆ. ಒಳಪುಟದಲ್ಲಿ ಮುದ್ರಿಸಿದ ಅಕ್ಷರಗಳಿಂದ ದೊರೆಯುವ ಕೀಲಿಯನ್ನು ತೋರಿಸಿದ ಹೊರತು ಅದರ ಚಿಪ್ ತನ್ನ ಒಡೆಯನ ವಿವರಗಳನ್ನು ಬಿಟ್ಟುಕೊಡುವುದಿಲ್ಲ. ಎಂದ ಮೇಲೆ, ನಾಚಿಕೆಯುಳ್ಳ ಚೀಟಿಯನ್ನು ತಯಾರಿಸುವ ವಿದ್ಯೆ ನಮಗೆ ತಿಳಿಯದ್ದಲ್ಲ.

2022ರ ಜೂನ್ ತಿಂಗಳಲ್ಲಿ ಒಂದು ವಿಡಿಯೋ ದೇಶದಲ್ಲೆಲ್ಲ ಹರಡಿತು. ಕಾರಿನ ಗಾಜನ್ನೊರೆಸುವ ಬಾಲಕನು ಕೈಗಡಿಯಾರವನ್ನು ಚೀಟಿಗೆ ತೋರಿಸಿ ಹಣ ಕದಿಯುವನೆಂದು ಅದರ ಸಾರ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಸಂಸ್ಥೆಯು ಇದು ಸುಳ್ಳೆಂದು ತಿಳಿಸಿತು. ನೋಂದಾಯಿಸಿದ ಸುಂಕದ ಕಟ್ಟೆಗಳೇ ಮೊದಲಾದವುಗಳಿಗಲ್ಲದೆ ಹಣ ಸಂದಾಯವಾಗುವುದಿಲ್ಲ. ಈ ಉತ್ತರ ಸರಿಯೇ. ಬಂಡಳ್ಳಿಯಲ್ಲಿಯೂ ಆ ವಿಡಿಯೋವನ್ನು ನೋಡಿ ಕೆಲವರು ಚೀಟಿಯ ಮೇಲೆ ಬಟ್ಟೆ ಕಟ್ಟಿದರು. ಆದರೆ ಹಣ ಹೋಗದೆ ಗುಟ್ಟು ಮಾತ್ರ ಹೋಗಬಹುದೆಂಬುದು ಯಾರಿಗೂ ತೋಚಲಿಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿ ನೇರವಾಗಿ ಹೇಳಿಬಿಡುವೆನು. ತರಂಗಕ್ಕೆ ನಿಸರ್ಗವೇ ಎಲ್ಲೆ ಹಾಕಿದೆ. ದಾಖಲೆಗೆ ಯಾವ ನಿಸರ್ಗನಿಯಮವೂ ಎಲ್ಲೆ ಹಾಕಿಲ್ಲ. ಹತ್ತು ಮೀಟರು ಹಾಯಲಾರದ ಅಂಕಿಯು ಒಮ್ಮೆ ಕಡತದಲ್ಲಿ ಸೇರಿದರೆ ದೆಹಲಿಗೂ ಹೋಗಬಲ್ಲದು, ಹತ್ತು ವರ್ಷವೂ ಉಳಿಯಬಲ್ಲದು. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಈ ಚೀಟಿಯಿಲ್ಲದವರು ಹೆಚ್ಚಿನ ಸುಂಕ ತೆರಬೇಕಾಗಿದೆ. ಅದೇ ವರ್ಷದ ಜನವರಿಯಲ್ಲಿ ಸರಕು ಸಾಗಣೆಯ ಇ-ವೇ ಬಿಲ್ಲಿನ ವ್ಯವಸ್ಥೆಯನ್ನು ಫಾಸ್ಟ್ಯಾಗಿನೊಡನೆ ಜೋಡಿಸಲಾಯಿತು. ತೆರಿಗೆಯ ಅಧಿಕಾರಿಗಳು ಕಟ್ಟೆಯ ದಾಖಲೆಗಳಿಂದ ಲಾರಿಗಳ ಓಡಾಟವನ್ನು ಕಾಣಬಹುದು. ಅಪರಾಧಗಳ ತನಿಖೆಯಲ್ಲಿ ಪೊಲೀಸರೂ ಈ ದಾಖಲೆಗಳನ್ನು ಬಳಸಿದ್ದಾರೆ. ಕಳ್ಳಸಾಗಣೆ ನಿಲ್ಲುವುದು, ಕಳ್ಳರು ಸಿಕ್ಕುವುದು ಒಳ್ಳೆಯದೇ. ಆದರೂ ಗಮನಿಸಬೇಕಾದ ಸಂಗತಿಯೊಂದಿದೆ. ಸುಂಕಕ್ಕೆಂದು ಹುಟ್ಟಿದ ಲೆಕ್ಕವು ಎರಡನೆಯ, ಮೂರನೆಯ ಕೆಲಸಕ್ಕೆ ತಾನಾಗಿ ಹೊರಟುಬಿಟ್ಟಿದೆ. ನಾಲ್ಕನೆಯದು ಯಾವುದೋ!

“ತಪ್ಪು ಮಾಡದವನಿಗೆ ಭಯವೇಕೆ, ಸಾರ್?” ಎಂದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದನು. ನನ್ನ ಚಿಕ್ಕಮ್ಮನವರು ಯಾವ ತಪ್ಪು ಮಾಡಿದ್ದರು?

ಗುರುತಿಲ್ಲದೆ ಇಂತಹ ವ್ಯವಸ್ಥೆ ನಡೆಯದೆಂಬುದೂ ಸತ್ಯವಲ್ಲ. 2011ರ ಅಕ್ಟೋಬರ್ 20ರಂದು ಸಂಚಾರವನ್ನಾರಂಭಿಸಿದ ಬೆಂಗಳೂರಿನ ನಮ್ಮ ಮೆಟ್ರೋದ ಟೋಕನನ್ನು ನೆನೆಯಿರಿ. ಅದರಲ್ಲಿಯೂ ರೇಡಿಯೋ ಚಿಪ್ ಇದೆ. ನಗದು ಕೊಟ್ಟು ಕೊಂಡರೆ ಪ್ರಯಾಣಿಕನ ಹೆಸರನ್ನು ಅದು ಅರಿಯದು. ಇಳಿಯುವ ನಿಲ್ದಾಣದ ಬಾಗಿಲು ಅದನ್ನು ನುಂಗಿ ಇನ್ನೊಬ್ಬರಿಗೆ ಕೊಡುವುದು. ಬಾಗಿಲಿಗೆ ಬೇಕಾದ ಉತ್ತರ ಒಂದೇ: ಹಣ ಸಂದಿದೆಯೆ, ಇಲ್ಲವೆ? ಸುಂಕದ ಕಟ್ಟೆಗೂ ವಾಹನದ ವರ್ಗ ಮತ್ತು ಸಂದಾಯ ಇವೆರಡು ತಿಳಿದರೆ ಸಾಕು. ತಕರಾರು ಬಂದರೆ ಪರಿಶೀಲಿಸಲು ಕೆಲವು ವಾರಗಳ ದಾಖಲೆಯಿರಲಿ. ಅನಂತರ ಅದನ್ನು ಅಳಿಸಿಹಾಕುವುದಕ್ಕೆ ಏನಡ್ಡಿ?

ನ್ಯಾಯದ ಬೆಂಬಲವೂ ಇದಕ್ಕುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಸಂಗ್ರಹಿಸಿದ ಉದ್ದೇಶ ತೀರಿದ ಮೇಲೆ ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕೆಂದು 2023ರ ಕಾಯಿದೆಯೂ ವಿಧಿಸಿದೆ, ಸರಕಾರಕ್ಕೆ ಧಾರಾಳವಾದ ವಿನಾಯಿತಿಗಳನ್ನಿಟ್ಟುಕೊಂಡು. ಹದಿನೆಂಟು ತುಂಬದವರ ಚಲನವಲನಗಳನ್ನು ಹಿಂಬಾಲಿಸಬಾರದೆಂದೂ ಆ ಕಾಯಿದೆ ಹೇಳುವುದು. 2025ರ ನಿಯಮಗಳು ವಿದ್ಯಾಸಂಸ್ಥೆಗಳಿಗೆ ಇದರಿಂದ ಒಂದು ವಿನಾಯಿತಿಯನ್ನು ಕೊಟ್ಟಿವೆ.

ಈ ಕೊನೆಯ ಮಾತು ನಮ್ಮ ವಾಚಕರಿಗೇ ಸಂಬಂಧಪಟ್ಟುದು. 2005ರಲ್ಲಿ ಕ್ಯಾಲಿಫೋರ್ನಿಯಾದ ಸಟರ್ ಎಂಬ ಸಣ್ಣ ಊರಿನ ಶಾಲೆಯೊಂದು ಮಕ್ಕಳ ಕೊರಳಿಗೆ ಇಂತಹ ಚಿಪ್ಪಿನ ಗುರುತುಪಟ್ಟಿಗಳನ್ನು ಹಾಕಿತು. ತಂದೆತಾಯಿಗಳು ಒಟ್ಟಾಗಿ ಪ್ರತಿಭಟಿಸಿದುದರಿಂದ ಕೆಲವೇ ವಾರಗಳಲ್ಲಿ ಆ ಏರ್ಪಾಡು ನಿಂತುಹೋಯಿತು. ನಮ್ಮಲ್ಲಿ ಅಂತಹ ಪಟ್ಟಿಗಳು ಸದ್ದಿಲ್ಲದೆ ಬರುತ್ತಿವೆ. ನಾನು ಪಾಠ ಹೇಳುವ ಕಾಲೇಜಿಗೂ ಹಾಜರಿಗಾಗಿ ಅವುಗಳನ್ನು ಒದಗಿಸುವ ಪ್ರಸ್ತಾಪವೊಂದು ಬಂದಿತ್ತು. ಬಾಗಿಲು ದಾಟಿದ ಗಳಿಗೆಗಳ ದಾಖಲೆ ಯಾರ ಬಳಿ ಎಷ್ಟು ಕಾಲ ಇರುವುದೆಂದು ಕೇಳಿದೆನು. ಮಾರಲು ಬಂದವರಿಗೆ ತಿಳಿದಿರಲಿಲ್ಲ, ಕೊಳ್ಳಲು ಕುಳಿತವರು ಅದನ್ನು ಯೋಚಿಸಿರಲಿಲ್ಲ. ಶೈಕ್ಷಣಿಕ ವರ್ಷ ಮುಗಿದೊಡನೆ ಎಲ್ಲವನ್ನೂ ಅಳಿಸಬೇಕೆಂಬ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸುವಂತೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.