ನಿಂತಲ್ಲೇ ನಡುಗುವ ಕಾರು

"ನಮ್ಮ ಹಳೇ ಕಾರು ಓಡುವಾಗ ಸರಿಯಿರುತ್ತೆ, ನಿಂತರೆ ಗಡಗಡ ನಡುಗಿ ಆರಿಹೋಗುತ್ತೆ. ಎಂಜಿನ್ನೇ ಬಿಚ್ಚಬೇಕಂತೆ. ಬಳೆ ಅಡವಿಡಲೇ?" ಎಂದು ಸೋದರಿಯೊಬ್ಬರು ಕೇಳಿದ್ದಾರೆ.

ತಾಳಿ, ಅವಸರ ಬೇಡ. ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ಎಷ್ಟೋ ಸಲ ಇದಕ್ಕೆ ಕಾರಣ ಬಿರುಕುಬಿಟ್ಟ ರಬ್ಬರ್ ಕೊಳವೆ. ಅಲ್ಲಿಂದ ಹೆಚ್ಚಿನ ಗಾಳಿ ನುಗ್ಗಿ ಪೆಟ್ರೋಲಿನ ಹದ ಕೆಡುತ್ತೆ. ಒಂದು ಸೌಟು ನೀರು ಕೊಳದಪ್ಪಲೆ ಸಾರನ್ನು ಕೆಡಿಸದು, ಬಟ್ಟಲು ಸಾರನ್ನು ಕೆಡಿಸುತ್ತೆ. ಹಾಗೇ ಇದು ವೇಗದಲ್ಲಿ ಗೊತ್ತಾಗೋಲ್ಲ.

ನಿಂತ ಕಾರಿನ ಎಂಜಿನ್ ನಡೆಯುತ್ತಿರುವಾಗ 'ಸ್‌ಸ್' ಸದ್ದಿದೆಯೇ ಕೇಳಿ. ಮೆಕ್ಯಾನಿಕ್ ಆ ಕೊಳವೆ ಚಿವುಟಿ ಹಿಡಿದಾಗ ನಡುಕ ನಿಂತರೆ ಕಳ್ಳ ಸಿಕ್ಕಿದ ಹಾಗೆ! ಇಲ್ಲದಿದ್ದರೆ ಪ್ಲಗ್, ಐಡಲ್ ಜೆಟ್ ಶುಚಿ ಮಾಡಿಸಿ. ಎಂಜಿನ್ ಬಿಚ್ಚುವ ಮಾತು ಆಮೇಲೆ.

ಸೆರಗು ಫ್ಯಾನಿನಿಂದ ದೂರವಿರಲಿ. ಷೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತೆ.

ಬಳೆ ಸದ್ಯ ಕೈಯಲ್ಲೇ ಇರಲಿ.